ತಾಳವಾಡಿಯ ಕಡತ ಇರುವುದು ಚೆನ್ನೈಯಲ್ಲಿ

ತಾಳವಾಡಿ ಎಂದ ಕೂಡಲೇ ಚೆನ್ನೈ ಕನ್ನಡಿಗರಿಗೆ ನೆನಪಾಗುವುದು ಡಾ. ರಾಜ್‌ಕುಮಾರ್ ಅವರ ಗಾಜನೂರು. ಅದರ ಬೆನ್ನಿಗೇ 2000ದ ಜುಲೈ 30ರ ರಾತ್ರಿಯೂ ನೆನಪಾಗುತ್ತದೆ. ಅಂದು ವೀರಪ್ಪನ್ ಮತ್ತು ಅವನ ಸಹಚರರು ದೊಡ್ಡಗಾಜನೂರಿನ ಮನೆಯಿಂದ ರಾಜ್ ಅವರನ್ನು ಕಾಡಿಗೆ ಕರೆದೊಯ್ದರು. ನವೆಂಬರ್ 15ರಂದು ಅವರ ಬಿಡುಗಡೆಯಾಯಿತು. ನಡುವಿನ 108 ದಿನಗಳಲ್ಲಿ ಕಾಡು, ಬೆಟ್ಟ, ಗಡಿ, ಹಾಡಿ ಎಂಬ ಮಾತುಗಳು ಎರಡೂ ರಾಜ್ಯಗಳ ಪತ್ರಿಕೆಗಳಲ್ಲಿ ದಿನವೂ ಮುಖಪುಟದಲ್ಲಿದ್ದವು. ಬಿಡುಗಡೆಯಾದ ಮರುದಿನದಿಂದ ಆ ಸೀಮೆಯ ಸುದ್ದಿ ಒಳಪುಟಕ್ಕೆ ಸರಿಯಿತು. ಆಮೇಲೆ ಒಳಪುಟದಲ್ಲೂ ಅಪರೂಪವಾಯಿತು.

ಅಲ್ಲಿನ ರೈತರೂ ಸೋಲಿಗರೂ ಎಲ್ಲಿಗೂ ಹೋಗಲಿಲ್ಲ. ಅವರ ಆನೆ ಕಾಟ, ಅವರ ಜಮೀನಿನ ತಕರಾರು, ದನ ಮೇಯಿಸುವ ಜಾಗದ ಜಗಳ, ತರಕಾರಿ ಲಾರಿ ಹೋಗುವ ರಸ್ತೆಯ ಪ್ರಶ್ನೆ ಎಲ್ಲವೂ ಅಲ್ಲೇ ಉಳಿದವು. ಈ ಪ್ರಶ್ನೆಗಳಲ್ಲಿ ಹೆಚ್ಚಿನವುಗಳಿಗೆ ಉತ್ತರ ಬರೆಯುವ ಜಾಗ ತಾಳವಾಡಿಯಲ್ಲಿಲ್ಲ, ಮೂವತ್ತು ಕಿಲೋಮೀಟರ್ ಒಳಗಿನ ಚಾಮರಾಜನಗರದಲ್ಲೂ ಇಲ್ಲ. ಅದು ಚೆನ್ನೈಯ ಸೇಂಟ್ ಜಾರ್ಜ್ ಕೋಟೆಯ ಸಚಿವಾಲಯದಲ್ಲಿದೆ, ಪ್ಯಾರಿಸ್ ಕಾರ್ನರ್ ಬಳಿಯ ಮದರಾಸು ಹೈಕೋರ್ಟಿನಲ್ಲಿದೆ. ನಗರದ ಕನ್ನಡ ಸಂಘಗಳ ಸದಸ್ಯರಲ್ಲಿ ಹಲವರು ದಿನವೂ ಬಸ್ಸಿನಲ್ಲಿ ಹಾದುಹೋಗುವ ಕಟ್ಟಡಗಳು ಇವು.

ಘಟ್ಟದ ಮೇಲಿನ ಕನ್ನಡ

ಸತ್ಯಮಂಗಲ ದಾಟಿ ಬಣ್ಣಾರಿ ಮಾರಮ್ಮನ ಗುಡಿ ಕಳೆದರೆ ದಿಂಬಂ ಘಟ್ಟ ಶುರು. 27 ತಿರುವು ಹತ್ತಿ ಮೇಲೆ ಬಂದರೆ ಗಾಳಿ ತಣ್ಣಗಾಗುತ್ತದೆ, ಮಾತು ಬದಲಾಗುತ್ತದೆ. ಹಾಸನೂರು ಕಳೆದು ತಾಳವಾಡಿ ಕಡೆ ತಿರುಗಿದರೆ ಊರ ಹೆಸರುಗಳೇ ಸಾಕ್ಷಿ ಹೇಳುತ್ತವೆ: ಜೀರಹಳ್ಳಿ, ಕೊಂಗಹಳ್ಳಿ, ಚಿಕ್ಕಹಳ್ಳಿ, ಗುಮಟಾಪುರ. ಚಹಾ ಅಂಗಡಿಯಲ್ಲಿ ಚಾಮರಾಜನಗರದ ಕನ್ನಡ, ಬಸ್ಸಿನ ಬೋರ್ಡಿನಲ್ಲಿ ತಮಿಳು. ಗುಮಟಾಪುರದಲ್ಲಿ ಬಲಿಪಾಡ್ಯಮಿಯ ಮರುದಿನ ನಡೆಯುವ ಗೋರೆಹಬ್ಬ, ಅಂದರೆ ಸಗಣಿ ಗುಡ್ಡೆ ಹಾಕಿ ಊರಿನ ಗಂಡಸರೆಲ್ಲ ಒಬ್ಬರ ಮೇಲೊಬ್ಬರು ಎರಚಾಡುವ ಹಬ್ಬ, ಈಗ ದೂರದ ಪತ್ರಿಕೆಗಳ ಫೋಟೊಗಳಲ್ಲೂ ಕಾಣುತ್ತದೆ. ಅದೇ ಊರಿನ ರಾಗಿಗೆ ಯಾವ ಬೆಲೆ ಸಿಕ್ಕಿತು ಎಂದು ಕೇಳಲು ಕ್ಯಾಮೆರಾದವರು ಯಾರೂ ನಿಲ್ಲುವುದಿಲ್ಲ.

ಇದು ಹೀಗಾದದ್ದಕ್ಕೆ ಕಾರಣ ಹಳೆಯದು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ, ಅದುವರೆಗೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕೊಳ್ಳೇಗಾಲ ತಾಲೂಕು ಮೈಸೂರು ರಾಜ್ಯಕ್ಕೆ ಹೋಯಿತು. ಪಕ್ಕದ ತಾಳವಾಡಿ ಸೀಮೆ ಕೊಯಮತ್ತೂರಿನಲ್ಲೇ ಉಳಿಯಿತು. 1979ರಲ್ಲಿ ಈರೋಡು ಜಿಲ್ಲೆ ಪ್ರತ್ಯೇಕವಾದಾಗ ಅದರ ಪಾಲಿಗೆ ಬಂತು. ಈಗ ಅದೇ ಒಂದು ತಾಲೂಕು. ನೆಂಟಸ್ತಿಕೆ, ಸಂತೆ, ದೇವರ ಹರಕೆಗಳು ಘಟ್ಟದ ಮೇಲಿನ ಚಾಮರಾಜನಗರ, ಕೊಳ್ಳೇಗಾಲದ ಕಡೆಗೆ ಹರಿದರೆ ಪಹಣಿ, ಪಟ್ಟಾ, ಪಡಿತರ, ಕೋರ್ಟು, ಕಚೇರಿಗಳೆಲ್ಲ ಘಟ್ಟದ ಕೆಳಗಿನ ಸತ್ಯಮಂಗಲ, ಈರೋಡು, ಚೆನ್ನೈ ಕಡೆಗೆ. ಜನ ಮಾತ್ರ ಮಧ್ಯದಲ್ಲಿದ್ದಾರೆ.

ಆ ಜನರಲ್ಲಿ ಎರಡು ಗುಂಪುಗಳ ಮಾತು ಇಲ್ಲಿ ಮುಖ್ಯ. ಒಂದು, ರಾಗಿ, ಜೋಳ, ಎಲೆಕೋಸು, ಆಲೂಗಡ್ಡೆ, ಟೊಮೆಟೊ, ಬಾಳೆ, ಕಬ್ಬು, ಚೆಂಡುಹೂವು ಬೆಳೆಯುವ ಸಣ್ಣ ಹಿಡುವಳಿಯ ಕನ್ನಡ ರೈತರು. ಇನ್ನೊಂದು, ಅವರಿಗಿಂತ ಬಹಳ ಮೊದಲಿನಿಂದ ಈ ಕಾಡಿನಲ್ಲಿರುವ ಸೋಲಿಗರು. ತಮಿಳುನಾಡಿನ ಪಟ್ಟಿಯಲ್ಲಿ ಇವರ ಹೆಸರು ಶೋಳಗ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಸೋಲಿಗರ ಸಂಖ್ಯೆ 33 ಸಾವಿರಕ್ಕೂ ಹೆಚ್ಚು, ತಮಿಳುನಾಡಿನಲ್ಲಿ ಸುಮಾರು 6 ಸಾವಿರ. ಆರು ಸಾವಿರ ಎಂದರೆ ಚುನಾವಣೆಯ ಲೆಕ್ಕದಲ್ಲಿ ಯಾರಿಗೂ ನಿದ್ದೆ ಕೆಡಿಸದ ಸಂಖ್ಯೆ.

ಕಾಗದ ಕಂಡರೆ ಹೆದರುವ ಜನ

ಸೋಲಿಗರ ಹಾಡಿಗೆ ಸಹಾಯ ಮಾಡಲು ಹೋದವರು ಅನೇಕರು ಹೇಳುವ ದೂರು ಒಂದಿದೆ: ಅರ್ಜಿಗೆ ಹೆಬ್ಬೆಟ್ಟು ಒತ್ತಿ ಎಂದರೆ ಹಿಂದೆ ಸರಿಯುತ್ತಾರೆ, ಹೆಸರು ಕೇಳಿದರೆ ಮೌನ ತಾಳುತ್ತಾರೆ ಎಂದು. ಇದನ್ನು ಮೌಢ್ಯ ಎಂದು ತಿಳಿಯುವವರು 1990ರ ದಶಕವನ್ನು ಮರೆತಿದ್ದಾರೆ. ವೀರಪ್ಪನ್ ಬೇಟೆಗೆ ಬಂದ ಎರಡೂ ರಾಜ್ಯಗಳ ವಿಶೇಷ ಕಾರ್ಯಪಡೆಗಳು ಹಾಡಿ, ಹಳ್ಳಿಗಳಿಂದ ಜನರನ್ನು ಹಿಡಿದು ಚಿತ್ರಹಿಂಸೆ ನೀಡಿದ ಆರೋಪಗಳ ತನಿಖೆಗೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಸಮಿತಿಯನ್ನು ನೇಮಿಸಿತ್ತು. ಸಮಿತಿಯ ವರದಿ ಆಧರಿಸಿ 2007ರ ಜನವರಿಯಲ್ಲಿ ಆಯೋಗ 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿ ಮಧ್ಯಂತರ ಪರಿಹಾರಕ್ಕೆ ಶಿಫಾರಸು ಮಾಡಿತು. ವೀರಪ್ಪನ್ 2004ರ ಅಕ್ಟೋಬರ್ 18ರಂದೇ ಸತ್ತಿದ್ದ. ಭವಾನಿಯ ವಕೀಲ ಎಸ್. ಬಾಲಮುರುಗನ್ ಅವರು ಅದೇ 2004ರಲ್ಲಿ ತಮಿಳಿನಲ್ಲಿ ಪ್ರಕಟಿಸಿದ 'ಸೋಳಗರ್ ತೊಟ್ಟಿ' ಕಾದಂಬರಿಯ ವಸ್ತು ಇದೇ. ತಮಿಳು ಓದಬಲ್ಲ ಚೆನ್ನೈ ಕನ್ನಡಿಗರು ಅದನ್ನು ತಪ್ಪದೆ ಓದಬೇಕು. ಹಾಡಿಯಲ್ಲಿ ಮುದುಕರೊಬ್ಬರು ಖಾಕಿ ಬಣ್ಣ ಕಂಡರೆ ಏಕೆ ಎದ್ದು ಒಳಗೆ ಹೋಗುತ್ತಾರೆ ಎಂಬುದು ಆಗ ಅರ್ಥವಾಗುತ್ತದೆ.

ಇಂಥ ಜನರ ಕೈಗೆ 2006ರಲ್ಲಿ ಸಂಸತ್ತು ಒಂದು ಕಾಯ್ದೆ ಕೊಟ್ಟಿತು. ಅರಣ್ಯ ಹಕ್ಕು ಕಾಯ್ದೆ ಎಂದೇ ಅದು ಪ್ರಸಿದ್ಧ. 2008ರ ಜನವರಿ 1ರಂದು ಅದರ ನಿಯಮಗಳು ಪ್ರಕಟವಾದವು. 2005ರ ಡಿಸೆಂಬರ್ 13ಕ್ಕೆ ಮುಂಚಿನಿಂದ ಕಾಡಿನ ಜಮೀನಿನಲ್ಲಿ ವಾಸವಿದ್ದು ಉಳುಮೆ ಮಾಡುತ್ತಿದ್ದ ಆದಿವಾಸಿ ಕುಟುಂಬಕ್ಕೆ ನಾಲ್ಕು ಹೆಕ್ಟೇರ್ ಮೀರದಂತೆ ಹಕ್ಕುಪತ್ರ ಸಿಗಬೇಕು. ಜೇನು, ನೆಲ್ಲಿಕಾಯಿ, ಸೀಗೆಕಾಯಿಯಂಥ ಕಿರು ಉತ್ಪನ್ನಗಳ ಒಡೆತನ ಊರಿಗೆ ಸೇರಬೇಕು. ದನ ಮೇಯಿಸುವ ಹಕ್ಕೂ ಅದರಲ್ಲಿದೆ. ಆದಿವಾಸಿಗಳಲ್ಲದವರೂ ಮೂರು ತಲೆಮಾರು, ಅಂದರೆ 75 ವರ್ಷದಿಂದ ಕಾಡನ್ನೇ ಆಶ್ರಯಿಸಿ ಅಲ್ಲಿ ನೆಲೆಸಿದ್ದಾರೆಂದು ತೋರಿಸಿದರೆ ಅರ್ಹರು. ಕನ್ನಡ ರೈತರಿಗೆ ಈ ಕೊನೆಯ ಮಾತು ಮುಖ್ಯ, ಅದಕ್ಕೆ ಮುಂದೆ ಬರೋಣ.

ಒಂದೇ ಜನ, ಎರಡು ಲೆಕ್ಕ

ಈ ಕಾಯ್ದೆ ಗಡಿಯ ಆಚೆ ಈಚೆ ಹೇಗೆ ನಡೆಯಿತು ಎಂಬುದನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು.

ಆಚೆ ಬದಿ, ಕರ್ನಾಟಕದ ಬಿಳಿಗಿರಿರಂಗನ ಬೆಟ್ಟ. ಅಲ್ಲಿ ಕೆಲಸ ಕಾಯ್ದೆ ಬರುವುದಕ್ಕೆ ಕಾಲು ಶತಮಾನ ಮೊದಲೇ ಆರಂಭವಾಗಿತ್ತು. ಡಾ. ಎಚ್. ಸುದರ್ಶನ್ ಎಂಬ ಯುವ ವೈದ್ಯರು 1981ರಲ್ಲಿ ಅಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಸ್ಥಾಪಿಸಿದರು. ಮೊದಲು ವೈದ್ಯಕೀಯ, ಹಿಂದೆಯೇ ಶಾಲೆ, ಆಮೇಲೆ ಸಂಘಟನೆ. ಸೋಲಿಗರಲ್ಲಿ ಕುಡುಗೋಲು ಕಣ ರಕ್ತಹೀನತೆ ಇರುವುದನ್ನು ಗುರುತಿಸಿ ಚಿಕಿತ್ಸೆಗೆ ಇಳಿದವರೂ ಅವರೇ. 1994ರಲ್ಲಿ ಅವರಿಗೆ ಸ್ವೀಡನ್ನಿನ ರೈಟ್ ಲೈವ್ಲಿಹುಡ್ ಪ್ರಶಸ್ತಿ, 2000ದಲ್ಲಿ ಪದ್ಮಶ್ರೀ ಬಂದವು. ಪ್ರಶಸ್ತಿಗಿಂತ ದೊಡ್ಡದು ಅವರ ಶಾಲೆಯಲ್ಲಿ ಓದಿದ ಮಕ್ಕಳು ಮುಂದೆ ಮಾಡಿದ ಕೆಲಸ. ಸೋಲಿಗರಲ್ಲಿ ಪಿಎಚ್.ಡಿ. ಪದವಿ ಪಡೆದ ಡಾ. ಸಿ. ಮಾದೇಗೌಡರು ಬೆಂಗಳೂರಿನ ಏಟ್ರೀ ಸಂಶೋಧನಾ ಸಂಸ್ಥೆಯ ಜೊತೆ ಸೇರಿ ತಮ್ಮ ಹಿರಿಯರನ್ನು ಕರೆದುಕೊಂಡು ಕಾಡು ಸುತ್ತಿದರು. ಪ್ರತಿ ಕುಲಕ್ಕೂ ಕಾಡಿನಲ್ಲಿ ತನ್ನದೊಂದು ಎಲ್ಲೆ ಇದೆ. ಪ್ರತಿ ಎಲ್ಲೆಯಲ್ಲೂ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂಬ ಐದು ಬಗೆಯ ಪವಿತ್ರ ತಾಣಗಳಿವೆ. ಹೀಗೆ ಹೆಚ್ಚುಕಡಿಮೆ 500 ತಾಣಗಳ ನಕ್ಷೆ ತಯಾರಾಯಿತು. ದಾಖಲೆ ಇಲ್ಲದ ಜನರಿಗೆ ಕಾಡೇ ದಾಖಲೆಯಾಯಿತು.

2011ರ ಜನವರಿಯಲ್ಲಿ ಬಿಳಿಗಿರಿರಂಗನ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶ ಎಂದು ಘೋಷಣೆಯಾದಾಗ ಸೋಲಿಗರನ್ನು ಹೊರಗೆ ಹಾಕುತ್ತಾರೆಂಬ ಭಯ ಹುಟ್ಟಿತು. ಹಾಗಾಗಲಿಲ್ಲ. ಅದೇ ವರ್ಷ ಅಕ್ಟೋಬರ್ 2ರಂದು 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕುಪತ್ರ ಸಿಕ್ಕಿತು. ಹುಲಿ ಕಾಡಿನೊಳಗೆ ಇಂಥ ಹಕ್ಕು ದೇಶದಲ್ಲಿ ಮೊದಲು ಸಿಕ್ಕಿದ್ದು ಇಲ್ಲೇ. ಜನ ಉಳಿದರೆ ಹುಲಿ ಉಳಿಯುವುದಿಲ್ಲ ಎಂದವರಿಗೆ ಎಣಿಕೆಯೇ ಉತ್ತರ ಕೊಟ್ಟಿತು. 2010ರಿಂದ 2014ರ ನಡುವೆ ಅಲ್ಲಿನ ಹುಲಿಗಳ ಸಂಖ್ಯೆ ಇಮ್ಮಡಿಯ ಹತ್ತಿರ ಹೋಯಿತು.

ಈಚೆ ಬದಿ, ತಮಿಳುನಾಡಿನ ತಾಳವಾಡಿ, ಹಾಸನೂರು, ಗೇರ್ಮಾಳ. ಕಾಡು ಒಂದೇ, ಕುಲಗಳೂ ಒಂದೇ, ಹೆಣ್ಣು ಕೊಟ್ಟು ತರುವ ಮನೆಗಳೂ ಅವೇ. ಆದರೆ 2008ರ ಏಪ್ರಿಲ್‌ನಲ್ಲಿ ಮದರಾಸು ಹೈಕೋರ್ಟು ಅರ್ಜಿಯೊಂದರ ವಿಚಾರಣೆಯಲ್ಲಿ ಮಧ್ಯಂತರ ಆದೇಶ ನೀಡಿತು: ಅರ್ಜಿಗಳ ಪರಿಶೀಲನೆ ನಡೆಯಲಿ, ಆದರೆ ಹಕ್ಕುಪತ್ರ ಕೈಗೆ ಕೊಡುವ ಮುನ್ನ ನ್ಯಾಯಾಲಯದ ಅನುಮತಿ ಪಡೆಯಬೇಕು. ಈ ಒಂದು ಸಾಲಿನಿಂದ ಇಡೀ ತಮಿಳುನಾಡಿನಲ್ಲಿ ಹಕ್ಕುಪತ್ರ ನೀಡಿಕೆ ನಿಂತುಹೋಯಿತು. ಸುಪ್ರೀಂ ಕೋರ್ಟು ಈ ತಡೆ ತೆರವು ಮಾಡಿದ್ದು 2016ರ ಫೆಬ್ರವರಿಯಲ್ಲಿ. ಹೆಚ್ಚುಕಡಿಮೆ ಎಂಟು ವರ್ಷ.

ಎಂಟು ವರ್ಷ ಎಂದರೆ ಏನು ಎಂಬುದನ್ನು ಸಾಕ್ಷ್ಯದ ನಿಯಮದಿಂದ ತಿಳಿಯಬೇಕು. ಅರಣ್ಯ ಹಕ್ಕಿಗೆ ಕನಿಷ್ಠ ಎರಡು ಬಗೆಯ ಸಾಕ್ಷ್ಯ ಬೇಕು. ಕಾಗದ ಇಲ್ಲದವರಿಗೆ ಇರುವ ದೊಡ್ಡ ಆಧಾರವೆಂದರೆ ಊರ ಹಿರಿಯರ ಬರೆದಿಟ್ಟ ಹೇಳಿಕೆ. ಹಿರಿಯರು ಎಂಟು ವರ್ಷ ಕಾಯುವುದಿಲ್ಲ. ಎಷ್ಟು ಹಾಡಿಗಳಲ್ಲಿ ಎಂತೆಂಥ ನೆನಪುಗಳು ಈ ಅವಧಿಯಲ್ಲಿ ಮಣ್ಣಾದವು ಎಂಬುದಕ್ಕೆ ಲೆಕ್ಕ ಇಟ್ಟವರಿಲ್ಲ. ಈ ನಡುವೆ 2008ರಲ್ಲಿ ಸತ್ಯಮಂಗಲ ವನ್ಯಧಾಮವಾಗಿ, 2013ರಲ್ಲಿ 1,400 ಚದರ ಕಿಲೋಮೀಟರಿಗೂ ಹೆಚ್ಚಿನ ಹುಲಿ ಸಂರಕ್ಷಿತ ಪ್ರದೇಶವಾಯಿತು. ಹಕ್ಕು ಗುರುತಿಸುವ ಕೆಲಸ ನಿಂತಿತ್ತು, ಗಡಿ ಹಾಕುವ ಕೆಲಸ ಮುಂದುವರಿದಿತ್ತು. ಹುಲಿಗಳ ಸಂಖ್ಯೆಯನ್ನು ಇಮ್ಮಡಿ ಮಾಡಿದ್ದಕ್ಕೆ ಸತ್ಯಮಂಗಲಕ್ಕೆ 2022ರಲ್ಲಿ ಅಂತರರಾಷ್ಟ್ರೀಯ ಪ್ರಶಸ್ತಿಯೂ ಬಂತು. ಒಳ್ಳೆಯದೇ. ಆ ಕಾಡನ್ನು ಅಷ್ಟು ಕಾಲ ಕಾಡಾಗಿ ಉಳಿಸಿದವರಲ್ಲಿ ಸೋಲಿಗರೂ ಇದ್ದರು ಎಂಬುದನ್ನೂ ಸೇರಿಸಿ ಹೇಳಿದ್ದರೆ ಇನ್ನೂ ಒಳ್ಳೆಯದಿತ್ತು.

ದಿಂಬಂ ಗೇಟು

ರೈತರ ಕಥೆ ಬೇರೆ ದಾರಿಯಲ್ಲಿ ಬಂದು ಅದೇ ಬಾಗಿಲಿಗೆ ನಿಲ್ಲುತ್ತದೆ. ತಾಳವಾಡಿಯ ತರಕಾರಿ ಕೊಯಮತ್ತೂರು, ಮೇಟುಪಾಳ್ಯ, ಈರೋಡಿನ ಮಂಡಿಗೆ ಹೋಗಬೇಕಾದರೆ ದಿಂಬಂ ಘಟ್ಟ ಇಳಿಯಲೇಬೇಕು. ತರಕಾರಿ ವ್ಯಾಪಾರ ಬೆಳಗಿನ ಜಾವದ್ದು. ಸಂಜೆ ಕಿತ್ತು, ರಾತ್ರಿ ಸಾಗಿಸಿ, ಕೋಳಿ ಕೂಗುವ ಮುನ್ನ ಮಂಡಿ ಸೇರಿದರೆ ಬೆಲೆ. ಮಧ್ಯಾಹ್ನ ತಲುಪಿದ ಎಲೆಕೋಸಿಗೆ ಬೆಲೆ ಕಟ್ಟುವವನು ಮಂಡಿಯವನಲ್ಲ, ಬಿಸಿಲು.

ರಾತ್ರಿ ವಾಹನಗಳಿಗೆ ಸಿಕ್ಕಿ ಕಾಡುಪ್ರಾಣಿಗಳು ಸಾಯುತ್ತಿವೆ ಎಂಬ ಕಾರಣಕ್ಕೆ ಈ ಹೆದ್ದಾರಿಯಲ್ಲಿ ರಾತ್ರಿ ಸಂಚಾರ ನಿಲ್ಲಿಸಬೇಕೆಂದು ಈರೋಡು ಜಿಲ್ಲಾಧಿಕಾರಿ 2019ರಲ್ಲೇ ಅಧಿಸೂಚನೆ ಹೊರಡಿಸಿದ್ದರು. ಅದು ಕಾಗದದಲ್ಲೇ ಇತ್ತು. ಮದರಾಸು ಹೈಕೋರ್ಟಿನ ಆದೇಶದಂತೆ 2022ರ ಫೆಬ್ರವರಿ 10ರಿಂದ ಜಾರಿಗೆ ಬಂತು: ಭಾರಿ ವಾಹನಗಳಿಗೆ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ, ಉಳಿದವಕ್ಕೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ನಿಷೇಧ. ಆಂಬುಲೆನ್ಸ್‌ಗೆ ವಿನಾಯಿತಿ ಇತ್ತು, ಟೊಮೆಟೊಗೆ ಇರಲಿಲ್ಲ. ತಾಳವಾಡಿಯಲ್ಲಿ ಪ್ರತಿಭಟನೆ ನಡೆಯಿತು. ಸ್ಥಳೀಯರ ಅಹವಾಲು ನ್ಯಾಯಾಲಯದ ಮುಂದೆ ಬಂದ ಮೇಲೆ ಅದೇ ವರ್ಷ ಏಪ್ರಿಲ್‌ನಲ್ಲಿ ನಿಬಂಧನೆಗಳಲ್ಲಿ ಬದಲಾವಣೆಯಾಯಿತು.

ಪ್ರಾಣಿಗಳು ಸಾಯಬಾರದು ಎಂಬುದರಲ್ಲಿ ಎರಡು ಮಾತಿಲ್ಲ. ಬೆಂಗಳೂರಿನಿಂದ ಕೊಯಮತ್ತೂರಿಗೆ ಅಡ್ಡದಾರಿ ಹಿಡಿಯುವ ಹತ್ತು-ಹನ್ನೆರಡು ಚಕ್ರದ ಲಾರಿಗಳನ್ನು ತಡೆದರೆ ತಾಳವಾಡಿಯವರು ಬೇಸರಪಡುವುದಿಲ್ಲ. ಅವರ ಪ್ರಶ್ನೆ ಒಂದೇ: ದೂರದ ಲಾರಿಗೂ ಊರಿನ ಟೆಂಪೊಗೂ ವ್ಯತ್ಯಾಸ ಇದೆ ಎಂದು ಮೊದಲ ದಿನವೇ ಹೇಳುವವರು ನ್ಯಾಯಾಲಯದಲ್ಲಿ ಏಕೆ ಇರಲಿಲ್ಲ? ವಿಷಯ ತಿಳಿದು, ವಕೀಲರನ್ನು ಹುಡುಕಿ, ದಾಖಲೆ ಜೋಡಿಸಿ ಅವರು ಬರುವ ಹೊತ್ತಿಗೆ ಆದೇಶ ಜಾರಿಯಾಗಿತ್ತು. ತಾಳವಾಡಿಯಿಂದ ಹೈಕೋರ್ಟಿಗೆ ಒಂದು ರಾತ್ರಿ ಪೂರ್ತಿ ಪ್ರಯಾಣ. ಆ ರಾತ್ರಿಯಲ್ಲಿ ಹೊಲ ಕಾಯುವವರು ಯಾರು?

ಹೊಲ ಕಾಯುವುದು ಅಲ್ಲಿ ಅಲಂಕಾರದ ಮಾತಲ್ಲ. ರಾಗಿ ತೆನೆ ಬಲಿಯುವ ಹೊತ್ತಿಗೆ ಆನೆ ಇಳಿಯುತ್ತದೆ. ಬಾಳೆ, ಕಬ್ಬು ಇದ್ದರಂತೂ ವರ್ಷವಿಡೀ. ಮರದ ಮೇಲೆ ಅಟ್ಟಣೆ ಕಟ್ಟಿ, ಪಟಾಕಿ, ಟಾರ್ಚು ಹಿಡಿದು ಕೂರಬೇಕು. ಜೀರಹಳ್ಳಿ, ತಾಳವಾಡಿ ಸುತ್ತ ರೈತರ ಜೀವವನ್ನೂ ತೆಗೆದ 'ಕರುಪ್ಪನ್' ಎಂಬ ಒಂಟಿ ಸಲಗವನ್ನು ಹಲವು ಪ್ರಯತ್ನಗಳ ನಂತರ 2023ರ ಏಪ್ರಿಲ್‌ನಲ್ಲಿ ಹಿಡಿದು ಬೇರೆ ಕಾಡಿಗೆ ಸಾಗಿಸಲಾಯಿತು. ಒಂದು ಆನೆ ಹೋಯಿತು, ಆನೆಗಳು ಹೋಗಲಿಲ್ಲ. ಬೇಸತ್ತ ಮನೆಗಳ ಹುಡುಗರು ತಿರುಪ್ಪೂರಿನ ಬನಿಯನ್ ಕಾರ್ಖಾನೆಗಳ ಕಡೆಗೋ ಕೊಡಗಿನ ತೋಟಗಳ ಕಡೆಗೋ ಮುಖ ಮಾಡುತ್ತಾರೆ.

ಬರಗೂರು ಬೆಟ್ಟದ ದನ

ಇದೇ ಈರೋಡು ಜಿಲ್ಲೆಯಲ್ಲಿ, ತಾಳವಾಡಿಗೆ ಪೂರ್ವಕ್ಕೆ, ಅಂದಿಯೂರು ತಾಲೂಕಿನಲ್ಲಿ ಬರಗೂರು ಬೆಟ್ಟವಿದೆ. (ತುಮಕೂರು ಜಿಲ್ಲೆಯ ಬರಗೂರು ಬೇರೆ.) ಕಂದು ಮೈಮೇಲೆ ಬಿಳಿ ಚುಕ್ಕೆ ಇರುವ, ಸಿಡುಕು ಸ್ವಭಾವದ, ಬೆಟ್ಟ ಹತ್ತುವುದರಲ್ಲಿ ಸಾಟಿಯಿಲ್ಲದ ಬರಗೂರು ತಳಿಯ ದನ ಇಲ್ಲಿಯದು. ಸಾಕುವವರು ಬಹುಪಾಲು ಕನ್ನಡ ಮಾತನಾಡುವ ಲಿಂಗಾಯತರು. ದನಗಳನ್ನು ಕಾಡಿನೊಳಗಿನ ದೊಡ್ಡಿಗಳಲ್ಲಿ ಕೂಡಿ ಮೇಯಿಸುವುದು ತಲೆಮಾರುಗಳ ಪದ್ಧತಿ. ಆಡಿ ಮಾಸದಲ್ಲಿ ಅಂದಿಯೂರಿನ ಗುರುನಾಥಸ್ವಾಮಿ ಜಾತ್ರೆಗೆ ಹೋದವರಿಗೆ ಈ ದನಗಳ ಠೀವಿ ಗೊತ್ತು.

2022ರ ಮಾರ್ಚ್ ಆರಂಭದಲ್ಲಿ ಮದರಾಸು ಹೈಕೋರ್ಟು ತಮಿಳುನಾಡಿನ ಎಲ್ಲ ಕಾಡುಗಳಲ್ಲೂ ದನ ಮೇಯಿಸುವುದನ್ನು ನಿಷೇಧಿಸಿತು. ಕೆಲವೇ ದಿನಗಳಲ್ಲಿ ಆದೇಶವನ್ನು ರಾಷ್ಟ್ರೀಯ ಉದ್ಯಾನ, ವನ್ಯಧಾಮ ಮತ್ತು ಹುಲಿ ಸಂರಕ್ಷಿತ ಪ್ರದೇಶಗಳಿಗೆ ಸೀಮಿತಗೊಳಿಸಲಾಯಿತು. ಬರಗೂರಿನವರು ಉಸಿರು ಬಿಟ್ಟರು, ಅವರ ಕಾಡು ಆಗ ವನ್ಯಧಾಮವಾಗಿರಲಿಲ್ಲ. 2024ರ ಜನವರಿಯಲ್ಲಿ ಅಂದಿಯೂರು, ಗೋಬಿಚೆಟ್ಟಿಪಾಳ್ಯ ತಾಲೂಕುಗಳ 80 ಸಾವಿರ ಹೆಕ್ಟೇರಿಗೂ ಹೆಚ್ಚು ಕಾಡನ್ನು ತಂದೈ ಪೆರಿಯಾರ್ ವನ್ಯಧಾಮ ಎಂದು ಸರ್ಕಾರ ಘೋಷಿಸಿತು. ಎರಡು ಕಾಗದಗಳನ್ನು ಜೋಡಿಸಿ ಓದಿದರೆ ದನ ಸಾಕುವವನಿಗೆ ಏಕೆ ದಿಗಿಲಾಯಿತು ಎಂಬುದು ಯಾವ ವಕೀಲರಿಗೂ ಒಂದು ನಿಮಿಷದಲ್ಲಿ ತಿಳಿಯುತ್ತದೆ. ಒಂದು ಕಡೆ ಬರಗೂರು ತಳಿ ಉಳಿಸಲು ಪಶುವೈದ್ಯಕೀಯ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವಿದೆ, ಇನ್ನೊಂದು ಕಡೆ ಆ ತಳಿ ಮೇಯುವ ನೆಲವೇ ಅನುಮಾನದಲ್ಲಿದೆ. ಹುಲ್ಲಿಲ್ಲದೆ ತಳಿ ಉಳಿಸುವ ವಿದ್ಯೆ ಇನ್ನೂ ಬಂದಿಲ್ಲ.

ಮೇಲೆ ಹೇಳಿದ 75 ವರ್ಷದ ಮಾತು ಬರುವುದು ಇಲ್ಲೇ. ಅರಣ್ಯ ಹಕ್ಕು ಕಾಯ್ದೆಯಡಿ ಮೇಯಿಸುವ ಹಕ್ಕನ್ನು ಊರಿನ ಪರವಾಗಿ ಕೇಳಬಹುದು. ವೈಯಕ್ತಿಕ ಹಕ್ಕಿಗೆ ಒಂದು, ಸಮುದಾಯ ಹಕ್ಕಿಗೆ ಇನ್ನೊಂದು, ಸಮುದಾಯ ಅರಣ್ಯ ಸಂಪನ್ಮೂಲಕ್ಕೆ ಮತ್ತೊಂದು ಎಂದು ಮೂರು ನಮೂನೆಗಳಿವೆ. ಹಾಡಿ ಅಥವಾ ಊರಿನ ಗ್ರಾಮಸಭೆ, ಅದು ಆರಿಸಿದ ಅರಣ್ಯ ಹಕ್ಕು ಸಮಿತಿ, ಅಲ್ಲಿಂದ ಉಪವಿಭಾಗ ಸಮಿತಿ, ಅಲ್ಲಿಂದ ಜಿಲ್ಲಾ ಸಮಿತಿ, ಇದು ಅರ್ಜಿಯ ದಾರಿ. ಬರಗೂರಿನವರು ಆದಿವಾಸಿಗಳಲ್ಲದ ಕಾರಣ ಮೂರು ತಲೆಮಾರಿನ ಪುರಾವೆ ತೋರಿಸಬೇಕು. ಮದರಾಸು ಪ್ರಾಂತ್ಯದ ಕಾಲದ ಮೇವಿನ ಪರವಾನಗಿ, ಗೆಜೆಟಿಯರ್, ಅರಣ್ಯ ಇಲಾಖೆಯ ಹಳೆಯ ಕಾರ್ಯಯೋಜನೆಯಂಥ ಕಾಗದಗಳು ಪುರಾವೆಯ ಪಟ್ಟಿಯಲ್ಲಿ ಸೇರುತ್ತವೆ. ಅಂಥ ಕಾಗದ ಬೆಟ್ಟದ ಮನೆಗಳ ಅಟ್ಟದಲ್ಲಿ ಸಿಗುವುದು ಅಪರೂಪ. ಅದನ್ನು ಹುಡುಕಬೇಕಾದ ಮೊದಲ ಜಾಗ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರ.

ಕಂಬಳಿ ಆಯಿತು, ಮುಂದೆ?

ಚೆನ್ನೈಯ ಕನ್ನಡ ಸಂಘಗಳು ದಾನದಲ್ಲಿ ಹಿಂದೆ ಬಿದ್ದವಲ್ಲ. ಬರ, ನೆರೆ ಬಂದಾಗ ಚಂದಾ ಎತ್ತುವುದು, ಬಡ ಮಕ್ಕಳಿಗೆ ಪುಸ್ತಕ ಕೊಡುವುದು ವಾಡಿಕೆ. ಹಾಡಿಗೆ ಕಂಬಳಿ, ಸೀರೆ, ಅಕ್ಕಿ ಕೊಟ್ಟು ಬರುವುದನ್ನು ಯಾರೂ ತಪ್ಪೆನ್ನಲಾರರು. ಚಳಿಗೆ ಕಂಬಳಿ ಬೇಕೇ ಬೇಕು. ಆದರೆ ಬಿಳಿಗಿರಿರಂಗನ ಬೆಟ್ಟದಲ್ಲಿ ಮೂವತ್ತು ವರ್ಷದಲ್ಲಿ ಆದದ್ದನ್ನು ನೋಡಿದರೆ, ಹೊರಗಿನವರ ಸಹಾಯ ಎಲ್ಲಿ ನಾಟಿತು ಎಂಬುದು ತಿಳಿಯುತ್ತದೆ. ಶಾಲೆ, ಆಸ್ಪತ್ರೆ, ನಕ್ಷೆ, ಅರ್ಜಿ, ಸರಕಿಗೆ ಬೆಲೆ: ನಾಟಿದ್ದು ಇಷ್ಟೇ, ಮತ್ತು ಅದನ್ನು ಮುಂದುವರಿಸಿದವರು ಸೋಲಿಗರೇ.

ಸರಕಿನ ಬೆಲೆಗೆ ತಮಿಳುನಾಡಿನಲ್ಲೇ ಮಾದರಿ ಇದೆ. ನೀಲಗಿರಿಯ ಕೋತಗಿರಿಯಲ್ಲಿ 1993ರಿಂದ ಕೆಲಸ ಮಾಡುತ್ತಿರುವ ಕೀಸ್ಟೋನ್ ಪ್ರತಿಷ್ಠಾನ ಜೇನು ತೆಗೆಯುವವರ ಜೊತೆ ಕೆಲಸ ಆರಂಭಿಸಿತು. ಆ ಕೆಲಸದಿಂದ 2013ರಲ್ಲಿ 'ಆದಿಮಲೈ ಪಳಂಗುಡಿಯಿನರ್' ಎಂಬ ಉತ್ಪಾದಕರ ಕಂಪನಿ ಹುಟ್ಟಿತು. ಷೇರುದಾರರು ಆದಿವಾಸಿಗಳೇ. ಹಾಸನೂರಿನ ಸುತ್ತಲಿನ ಹಾಡಿಗಳೂ ಅದರ ವ್ಯಾಪ್ತಿಯಲ್ಲಿವೆ. ಜೇನು, ಸಿರಿಧಾನ್ಯ, ಮೆಣಸು, ನೆಲ್ಲಿಕಾಯಿಗಳನ್ನು ಅಲ್ಲೇ ಹಸನು ಮಾಡಿ ಮಾರುತ್ತಾರೆ. ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ 2021ರಲ್ಲಿ ಅದಕ್ಕೆ ಬಂತು. ಅದೇ ವರ್ಷ ಆ ಪ್ರಶಸ್ತಿ ಪಡೆದ ಭಾರತದ ಇನ್ನೊಂದು ಸಂಸ್ಥೆ ಹೊನ್ನಾವರ ತಾಲೂಕಿನ ಸ್ನೇಹಕುಂಜ ಟ್ರಸ್ಟ್ ಎಂಬುದು ಕನ್ನಡಿಗರಿಗೆ ಹೆಚ್ಚಿನ ಸಂತೋಷ. ಮಲೆ ಮಹದೇಶ್ವರ ಬೆಟ್ಟದಲ್ಲಿ ಏಟ್ರೀ ಸಂಸ್ಥೆಯ ತರಬೇತಿಯಿಂದ ಸೋಲಿಗರು ಕಾಡನ್ನು ನುಂಗುತ್ತಿರುವ ಲಂಟಾನ ಕಳೆಯಿಂದಲೇ ಕುರ್ಚಿ, ಮೇಜು, ಬುಟ್ಟಿ ಮಾಡುವುದನ್ನು ಕಲಿತರು. ಹಣದ ಬೆಳೆ, ಸಾಲ, ಗೊಬ್ಬರದ ಸುಳಿಯಿಂದ ಹೊರಬರಲು ಬಯಸುವ ರೈತರಿಗೆ ಪ್ರೊ. ಎಂ.ಡಿ. ನಂಜುಂಡಸ್ವಾಮಿ ಅವರು ಚಾಮರಾಜನಗರದ ಹೊಂಡರಬಾಳಿನಲ್ಲಿ ಆರಂಭಿಸಿದ ಅಮೃತಭೂಮಿ ಇದೆ. ದೇಸಿ ಬೀಜ, ಸಹಜ ಕೃಷಿಯ ಪಾಠ ಅಲ್ಲಿ ಕನ್ನಡದಲ್ಲೇ ಸಿಗುತ್ತದೆ. ತಾಳವಾಡಿಯವರಿಗೆ ಅದು ಕೊಯಮತ್ತೂರಿನ ಕೃಷಿ ವಿಶ್ವವಿದ್ಯಾಲಯಕ್ಕಿಂತ ಹತ್ತಿರ.

ಇವೆಲ್ಲ ಬೆಟ್ಟದ ಮೇಲೆಯೇ ನಡೆಯುವ ಕೆಲಸ. ಚೆನ್ನೈಯಲ್ಲೇ ಕುಳಿತು ಮಾಡಬೇಕಾದ ಕೆಲಸ ಬೇರೆ ಇದೆ, ಅದಕ್ಕೆ ಬೇಕಾದವರು ಇಲ್ಲಿಯ ಸಂಘಗಳಲ್ಲೇ ಇದ್ದಾರೆ. ಹೈಕೋರ್ಟಿನ ವಕೀಲರು, ನಿವೃತ್ತ ಸರ್ಕಾರಿ ಅಧಿಕಾರಿಗಳು, ಬ್ಯಾಂಕಿನವರು, ಲೆಕ್ಕ ಪರಿಶೋಧಕರು, ಶಾಲಾ ಶಿಕ್ಷಕರು. ಇವರಲ್ಲಿ ಹೆಚ್ಚಿನವರು ಕನ್ನಡ, ತಮಿಳು, ಇಂಗ್ಲಿಷ್ ಮೂರನ್ನೂ ಬಲ್ಲವರು. ತಾಳವಾಡಿಯ ಅಜ್ಜ ಹೇಳುವ ಕನ್ನಡದ ಹೇಳಿಕೆ ತಮಿಳಿನ ನಮೂನೆಯಲ್ಲಿ ತುಂಬಿ, ಅದರ ಮೇಲಿನ ಆದೇಶ ಇಂಗ್ಲಿಷಿನಲ್ಲಿ ಬರುತ್ತದೆ. ಮೂರು ಭಾಷೆಯ ಈ ದಾರಿಯಲ್ಲಿ ಎಷ್ಟೋ ಅರ್ಜಿಗಳು ಬಿದ್ದುಹೋಗುತ್ತವೆ. ಸರ್ವೆ ನಂಬರು ತಪ್ಪು, ತಂದೆಯ ಹೆಸರಿನ ಕಾಗುಣಿತ ಬೇರೆ, ಹಾಡಿಯ ಹೆಸರು ಕಂದಾಯ ದಾಖಲೆಯಲ್ಲಿ ಇನ್ನೊಂದು. ಬೆಟ್ಟದವರಿಗೆ ತಿಂಗಳುಗಟ್ಟಲೆ ಅಲೆದಾಟ, ಬಲ್ಲವರಿಗೆ ಒಂದು ಭಾನುವಾರದ ಕೆಲಸ.

ಇದರಲ್ಲಿ ಒಂದು ಎಚ್ಚರ ಬೇಕು. ಸಹಾಯದ ಹೆಸರಿನಲ್ಲಿ ಗಡಿ ವಿವಾದ ಎಬ್ಬಿಸಿದರೆ ಕೆಟ್ಟ ಪರಿಣಾಮ ಅನುಭವಿಸುವವರು ಅಲ್ಲಿಯವರೇ. ಕಾವೇರಿ ಗಲಾಟೆಯಾದಾಗಲೆಲ್ಲ ಮೊದಲು ನಿಲ್ಲುವುದು ಆ ಗಡಿಯ ಬಸ್ಸು. ಅವರ ಬೇಡಿಕೆ ರಾಜ್ಯ ಬದಲಿಸುವುದಲ್ಲ. ತಮಿಳುನಾಡಿನ ಪ್ರಜೆಗಳಾಗಿ ತಮಿಳುನಾಡಿನ ಕಚೇರಿಯಲ್ಲಿ ತಮ್ಮ ಕೆಲಸ ಆಗುವುದು. ಊರಾಳಿ, ಇರುಳರೂ ಅದೇ ಕಾಡಿನವರು, ಅದೇ ಸಾಲಿನಲ್ಲಿ ನಿಂತವರು. ಸೋಲಿಗರ ಪರವಾಗಿ ಇಷ್ಟು ವರ್ಷ ನ್ಯಾಯಾಲಯಗಳಲ್ಲಿ ಹೋರಾಡಿದವರಲ್ಲಿ ತಮಿಳು ವಕೀಲರು, ತಮಿಳು ಕಾರ್ಯಕರ್ತರೇ ಹೆಚ್ಚು.

ತಮಿಳುನಾಡಿನ ಪಂಚಾಯಿತಿಗಳಲ್ಲಿ ಗ್ರಾಮಸಭೆ ವರ್ಷಕ್ಕೆ ನಾಲ್ಕು ಬಾರಿ ನಡೆಯುತ್ತಿತ್ತು: ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2. 2022ರಿಂದ ಇನ್ನೆರಡು ದಿನ ಸೇರಿವೆ, ಮಾರ್ಚ್ 22 ಮತ್ತು ನವೆಂಬರ್ 1. ರಸ್ತೆ, ಆನೆ ಕಂದಕ, ಮೇವಿನ ಜಾಗ ಕುರಿತ ನಿರ್ಣಯಗಳು ಅಲ್ಲಿ ಬರೆಯಲ್ಪಟ್ಟು ಮೇಲಕ್ಕೆ ಹೊರಡುತ್ತವೆ. ಚೆನ್ನೈಯ ಸಂಘಗಳಲ್ಲಿ ರಾಜ್ಯೋತ್ಸವದ ಧ್ವಜ ಏರುವ ದಿನವೇ ತಾಳವಾಡಿಯಲ್ಲಿ ಆ ಕಾಗದಗಳಿಗೆ ಸಹಿ ಬೀಳುತ್ತದೆ. ನಂತರ ಅವು ಈರೋಡಿನ ಮೂಲಕ ಸಚಿವಾಲಯಕ್ಕೆ ಬರುತ್ತವೆ. ಯಾವ ಇಲಾಖೆಯ ಯಾವ ಮೇಜಿನಲ್ಲಿ ಎಷ್ಟು ದಿನ ಕುಳಿತಿವೆ ಎಂದು ಕೇಳಲು ಮಾಹಿತಿ ಹಕ್ಕಿನಡಿ ಅರ್ಜಿ ಸಾಕು, ಶುಲ್ಕ 10 ರೂಪಾಯಿ.